ಗರ ಬಿದ್ದದ್ದು 14, ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು: ಪರ್ಸೆಪ್ಷನ್ ಚೆಕ್ ಅನ್ನು ನೀವು ಹೇಗೆ ನಡೆಸುತ್ತೀರಿ?

ಮಂಡಕ್ಕಿ ಮಾಸ್ಟರ್:

ಕಳೆದ ಶನಿವಾರ ಆಟ ನಡೆಸುವಾಗ ನಾನೊಂದು ತಪ್ಪು ಮಾಡಿದೆ. ತಪ್ಪಾಯಿತೆಂದು ಆ ಕ್ಷಣವೇ ಗೊತ್ತಾಯಿತು. ಎಲ್ಲಿ ತಪ್ಪಿದೆ ಎಂಬುದು ಮಾತ್ರ ನಾಲ್ಕು ದಿನವಾದರೂ ಕೈಗೆ ಸಿಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ದಾವಣಗೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದೂವರೆ ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಯುತ್ತಿದೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಐದನೇ ಆವೃತ್ತಿ, 2014ರ ನಿಯಮಗಳು. ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವವನು, ನಾನು. ಆಡುವವರು ನಾಲ್ವರು. ನನ್ನ ಹೆಂಡತಿಯದು ರೋಗ್ ಪಾತ್ರ. ಆದರೆ ‘ನಾನು ರೋಗ್’ ಎಂದು ಅವಳು ಹೇಳಿದಾಗಲೆಲ್ಲ ಒಳಗಿನ ಕೋಣೆಯಿಂದ ನಮ್ಮ ತಾಯಿ ‘ಯಾರಿಗೆ ಏನಾಯಿತು?’ ಎಂದು ಕೇಳುತ್ತಿದ್ದರು. ಆದ್ದರಿಂದ ಈಗ ಅವಳನ್ನು ಕಳ್ಳಿ ಎನ್ನುತ್ತೇವೆ. ಬಾಮೈದ ಕ್ಲೆರಿಕ್, ಅಂದರೆ ಪುರೋಹಿತ. ಕಚೇರಿಯ ಗೆಳೆಯನೊಬ್ಬ ಫೈಟರ್. ಎದುರು ಮನೆಯ ಹುಡುಗಿ, ಎರಡನೇ ಪಿಯುಸಿ ಓದುತ್ತಿರುವವಳು, ವಿಜರ್ಡ್, ಅಂದರೆ ಮಂತ್ರವಾದಿ. ಪಾತ್ರಗಳೆಲ್ಲ ಮನುಷ್ಯರೇ, ಎಲ್ಲರೂ ಮೂರನೇ ಹಂತ. 20 ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಕೌಶಲದ ಅಂಕ ಕೂಡಿಸುತ್ತೇವೆ; ಪರ್ಸೆಪ್ಷನ್‌ಗೆ, ಅಂದರೆ ಸುತ್ತಲಿನದನ್ನು ಗಮನಿಸುವ ಕೌಶಲಕ್ಕೆ, ಕಳ್ಳಿಗೆ +5, ಕ್ಲೆರಿಕ್‌ಗೆ +3, ಫೈಟರ್‌ಗೆ +1, ವಿಜರ್ಡ್‌ಗೆ ಸೊನ್ನೆ. ದಾಳ ಎಸೆಯುವುದನ್ನು ನಾವು ಚೌಕಾಬಾರದ ಮಾತಿನಲ್ಲೇ ‘ಗರ ಹಾಕುವುದು’ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಥೆಯಲ್ಲಿ ಒಂದು ಪಾಳುಬಿದ್ದ ಕೋಟೆ, ಅದರ ಹಿಂದೆ ನಾಲ್ಕೂ ಕಡೆ ಮೆಟ್ಟಿಲಿರುವ ಪುಷ್ಕರಣಿ. ನೀರಿನೊಳಗೆ ಮುಳುಗಿದ ಏಳನೇ ಮೆಟ್ಟಿಲಿನ ಪಕ್ಕದಲ್ಲಿ ಒಂದು ಕಿಂಡಿ, ಅಲ್ಲಿಂದ ಸುರಂಗ. ಊರಿನ ಧಾನ್ಯ ಕದಿಯುವ ಕುಳ್ಳ ರಾಕ್ಷಸರಾದ ಗಾಬ್ಲಿನ್‌ಗಳು ಇರುವುದು ಅದರೊಳಗೆ. ನಾನು ಇಟ್ಟಿದ್ದ ಸುಳಿವು ಇಷ್ಟು: ಮೂರು ಕಡೆಯ ಮೆಟ್ಟಿಲುಗಳ ಮೇಲೆ ಪಾಚಿ ದಪ್ಪವಾಗಿ ಕಟ್ಟಿದೆ. ಪಡುವಣ ಕಡೆಯಲ್ಲಿ ಮಾತ್ರ ನಡುವೆ ಒಂದು ಮೊಳದಷ್ಟು ಅಗಲಕ್ಕೆ ಕಲ್ಲು ಬರಿದಾಗಿದೆ, ಯಾರೋ ದಿನಾ ಇಳಿದು ಹತ್ತುತ್ತಿರುವ ಹಾಗೆ. ಇದು ಹೊಳೆದ ರಾತ್ರಿ ನನಗೆ ನನ್ನ ಮೇಲೆಯೇ ಹೆಮ್ಮೆಯಾಗಿ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಆಮೇಲೆ ಪಕ್ಕದಲ್ಲಿ ಪೆನ್ಸಿಲಿನಿಂದ ‘ಪರ್ಸೆಪ್ಷನ್, ಡಿಸಿ 15’ ಎಂದು ಬರೆದೆ, ಅಂದರೆ ಕೂಡಿಸಿದ ಮೇಲೆ 15 ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ಕೆಟ್ಟದ್ದು ಅಲ್ಲಿಯೇ ಎಂದು ಈಗ ಅನುಮಾನ.

ನಾಲ್ವರೂ ದಂಡೆಗೆ ಬಂದು ನಿಂತರು. ‘ಎಲ್ಲರೂ ಪರ್ಸೆಪ್ಷನ್ ಗರ ಹಾಕಿ’ ಎಂದೆ. ಕೂಡಿಸಿದ ಮೇಲೆ ಕಳ್ಳಿಗೆ 9, ಕ್ಲೆರಿಕ್‌ಗೆ 11, ಫೈಟರ್‌ಗೆ 4, ವಿಜರ್ಡ್‌ಗೆ 14. ‘ವಿಶೇಷವಾದದ್ದೇನೂ ಕಾಣುವುದಿಲ್ಲ’ ಎಂದೆ.

ಬಾಮೈದ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟು ನಕ್ಕ. ‘ಭಾವ, ವಿಶೇಷವೇನೂ ಇಲ್ಲದಿದ್ದರೆ ನೀವು ಗರ ಹಾಕಿಸುತ್ತಲೇ ಇರಲಿಲ್ಲ.’ ಅಲ್ಲಿಗೆ ಮುಗಿಯಿತು. ‘ನಾನು ಇನ್ನೊಮ್ಮೆ ನೋಡುತ್ತೇನೆ’ ಎಂದು ಒಬ್ಬ, ‘ಅವನು ನೋಡಿದ ಕಡೆ ನಾನೂ ನೋಡುತ್ತೇನೆ’ ಎಂದು ಇನ್ನೊಬ್ಬ. ಒಪ್ಪಲಿಲ್ಲ. ಫೈಟರ್ ದಂಡೆಯ ಕಲ್ಲುಗಳನ್ನು ಒಂದೊಂದಾಗಿ ಕತ್ತಿಯ ಹಿಡಿಯಿಂದ ಕುಟ್ಟತೊಡಗಿದ. ಗಡಿಯಾರದಲ್ಲಿ ಐವತ್ತು ನಿಮಿಷ ಹೋಯಿತು. ಮಂಡಕ್ಕಿ ಮೆತ್ತಗಾಯಿತು.

ಅಷ್ಟೂ ಹೊತ್ತು ಸುಮ್ಮನಿದ್ದ ಹುಡುಗಿ ಆಗ ಕೇಳಿದಳು: ‘ಅಂಕಲ್, ಮೆಟ್ಟಿಲುಗಳ ಮೇಲೆ ಪಾಚಿ ಇದೆಯೇ?’

ಅವಳ ಅಜ್ಜಿಯ ಮನೆ ಸಾಗರದ ಕಡೆ. ಚಿಕ್ಕಂದಿನಲ್ಲಿ ದೇವಸ್ಥಾನದ ಕೆರೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದವಳು, ಹುಬ್ಬಿನ ಮೇಲೆ ಇನ್ನೂ ಗುರುತಿದೆ. ನನ್ನ ಕೈಯಲ್ಲಿದ್ದ ಕಾಗದದ ಮೊದಲ ಪದವೇ ಪಾಚಿ. ಆದರೂ ನಾನು ಹೇಳಿದ್ದು: ‘ನಿನ್ನ ಗರ 14. ನಿನಗೆ ಅದು ಕಾಣುವುದಿಲ್ಲ.’

‘ಸರಿ ಅಂಕಲ್’ ಎಂದು ಅವಳು ಮೊಬೈಲ್ ತೆಗೆದಳು. ಆ ‘ಸರಿ ಅಂಕಲ್’ ನನ್ನನ್ನು ಬಿಡುತ್ತಿಲ್ಲ.

ಕೊನೆಗೆ ನಾನೇ ಒಬ್ಬ ಗಾಬ್ಲಿನ್‌ನನ್ನು ನೀರಿನಿಂದ ಮೇಲೆಬ್ಬಿಸಿ ದಾರಿ ತೋರಿಸಿದೆ. ಅದು ಕಥೆಯಲ್ಲ, ಪ್ರಾಯಶ್ಚಿತ್ತ.

ಈಗ ಹೇಳಿ. ಗರ ಯಾವಾಗ ಹಾಕಿಸಬೇಕು? ಹಾಕಿಸಿದ ಕೂಡಲೇ ‘ಇಲ್ಲೇನೋ ಇದೆ’ ಎಂದು ಬಯಲಾಗುವುದನ್ನು ಹೇಗೆ ತಪ್ಪಿಸುತ್ತೀರಿ? ಗರ ಬೀಳದವರು ಸರಿಯಾದ ಪ್ರಶ್ನೆಯನ್ನೇ ಕೇಳಿಬಿಟ್ಟರೆ ಏನು ಮಾಡುತ್ತೀರಿ?

ಲೆಕ್ಕಪತ್ರ:

ಮಾಸ್ಟರ್, ಮೊದಲು ಅಂಕಿ, ಆಮೇಲೆ ಸಂಕಟ.

ಡಿಸಿ 15 ಇದ್ದಾಗ +5 ಇರುವವರು ದಾಳದ 20 ಮುಖಗಳಲ್ಲಿ 9 ಬಿದ್ದರೆ ತಪ್ಪುತ್ತಾರೆ, ಅಂದರೆ ಒಂದರಿಂದ ಒಂಬತ್ತರವರೆಗೆ. +3 ಇರುವವರಿಗೆ ತಪ್ಪುವ ಮುಖಗಳು 11, +1ಕ್ಕೆ 13, ಸೊನ್ನೆಗೆ 14. ನಾಲ್ಕನ್ನೂ ಗುಣಿಸಿದರೆ ಎಲ್ಲರೂ ಒಟ್ಟಿಗೆ ತಪ್ಪುವ ಸಾಧ್ಯತೆ ಶೇಕಡಾ 11. ನೂರು ಸಲ ಆ ದಂಡೆಗೆ ಬಂದಿದ್ದರೆ 89 ಸಲ ಯಾರಾದರೊಬ್ಬರಿಗೆ ಪಾಚಿ ಕಾಣುತ್ತಿತ್ತು. ನೀವು ಗೊತ್ತಿಲ್ಲದೆಯೇ ಆ 89ನ್ನು ನಂಬಿಕೊಂಡು ಕೂತಿದ್ದಿರಿ. ಉಳಿದ 11 ಬಂದರೆ ಏನು ಮಾಡಬೇಕೆಂದು ನಿಮ್ಮ ಕಾಗದದಲ್ಲಿ ಏನೂ ಬರೆದಿರಲಿಲ್ಲ. ಇನ್ನೊಮ್ಮೆ ಹಾಕಲು ಬಿಟ್ಟಿದ್ದರೆ ಎರಡೂ ಸುತ್ತಿನಲ್ಲಿ ಎಲ್ಲರೂ ತಪ್ಪುವುದು ನೂರಕ್ಕೆ ಒಂದು ಸಲ. ಎಲ್ಲರಿಂದಲೂ ಗರ ಹಾಕಿಸುವುದೆಂದರೆ ‘ಹೌದು, ಕಾಣುತ್ತದೆ’ ಎಂದು ಹೇಳುವ ತಡವಾದ ದಾರಿ ಅಷ್ಟೇ.

ಇನ್ನೊಂದು ವಿಷಯ. ನಿಮ್ಮ ಮನೆಯವರ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಗರ ಹಾಕದೆಯೇ ಗಮನಿಸುವ ಅಂಕ, ಎಷ್ಟು? 10ಕ್ಕೆ +5 ಕೂಡಿಸಿ: 15. ಡಿಸಿಯೂ 15. ನಡೆದುಕೊಂಡು ಬರುವಾಗಲೇ ಅವರಿಗೆ ಕಾಣಬೇಕಿತ್ತು. ಗರ ಹಾಕಿಸಿ, 4 ಬೀಳಿಸಿ, ಅವರ ಕೈಯಲ್ಲಿದ್ದುದನ್ನು ಕಿತ್ತುಕೊಂಡಿರಿ. ಗರ ಎಷ್ಟೇ ಕೆಟ್ಟದಾಗಿ ಬಿದ್ದರೂ ಪ್ಯಾಸಿವ್ ಅಂಕಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ನಮ್ಮ ಮೇಜಿನ ಪದ್ಧತಿ. ಎಲ್ಲರೂ ಒಪ್ಪುವುದಿಲ್ಲ, ನನಗೆ ಗೊತ್ತು.

ಆಗ ಹೊತ್ತು ಎಷ್ಟಾಗಿತ್ತು? ಕಥೆಯೊಳಗಿನ ಹೊತ್ತು ಕೇಳುತ್ತಿದ್ದೇನೆ.

ಮಂಡಕ್ಕಿ ಮಾಸ್ಟರ್:

ದೀಪ ಹಚ್ಚುವ ಹೊತ್ತು. ಚೆನ್ನಾಗಿರುತ್ತದೆ ಎಂದು ಬರೆದಿದ್ದೆ, ನಿಯಮದ ಯೋಚನೆಯೇ ಬಂದಿರಲಿಲ್ಲ. ಮಬ್ಬು ಬೆಳಕಿನಲ್ಲಿ ಕಣ್ಣಿನ ಪರ್ಸೆಪ್ಷನ್‌ಗೆ ಡಿಸ್‌ಅಡ್ವಾಂಟೇಜ್, ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯಬೇಕು, ಪ್ಯಾಸಿವ್ ಅಂಕದಲ್ಲಿ 5 ಕಳೆಯಬೇಕು. ಹೆಂಡತಿಯ 15 ಅಲ್ಲಿಗೆ 10 ಆಯಿತು. ಅಂತೂ ಒಂದು ಮರೆವಿನ ಮೇಲೆ ಇನ್ನೊಂದು.

ಆದರೆ ಲೆಕ್ಕಪತ್ರ ಅವರೇ, ನಿಮ್ಮ ಪ್ಯಾಸಿವ್ ವಾದದಲ್ಲಿ ನನಗೊಂದು ಮುಳ್ಳು ಚುಚ್ಚುತ್ತದೆ. ಡಿಸಿ ಬರೆಯುವವನು ನಾನು. ಅವಳ ಅಂಕ 15 ಎಂದು ಗೊತ್ತಿರುವವನೂ ನಾನು. 15 ಎಂದು ಬರೆದರೆ ಅವಳಿಗೆ ಕಾಣುತ್ತದೆ, 16 ಎಂದು ಬರೆದರೆ ಕಾಣುವುದಿಲ್ಲ. ಇದು ಆಟವೋ, ನನ್ನ ಮರ್ಜಿಯೋ?

ಲೆಕ್ಕಪತ್ರ:

ಮಬ್ಬು ಎಂದರೆ ನನ್ನ 89ನ್ನು ಅಳಿಸಿ 56 ಎಂದು ಬರೆದುಕೊಳ್ಳಿ. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಇಡೀ ಸಂಜೆಯ ಕಥೆಯನ್ನು ನಾಣ್ಯಕ್ಕೆ ಕಟ್ಟಿದ್ದಿರಿ.

ಮುಂದೆ ಸುರಂಗಕ್ಕೆ ಇಳಿಯುತ್ತಾರಲ್ಲ, ಎಂದಾದರೂ ಎಲ್ಫ್ ಪಾತ್ರ ಸೇರಿದರೆ ಎಂದು ಹೇಳಿಡುತ್ತೇನೆ: ಡಾರ್ಕ್‌ವಿಷನ್, ಅಂದರೆ ಎಲ್ಫ್‌ಗಳಂಥವರ ಕತ್ತಲಲ್ಲೂ ಕಾಣುವ ಕಣ್ಣು, ಇದ್ದವರಿಗೆ ಮಬ್ಬು ಹಗಲಿನಂತೆ, ಆದರೆ ಪೂರ್ತಿ ಕತ್ತಲು ಮಬ್ಬಿನಂತೆ. ದೀಪವಿಲ್ಲದ ಸುರಂಗದಲ್ಲಿ ಅವರಿಗೂ 5 ಕಡಿತ ಇದ್ದೇ ಇದೆ. ಇದನ್ನು ಮರೆಯದ ಡಿಎಂ ಅನ್ನು ನಾನು ಇನ್ನೂ ನೋಡಿಲ್ಲ, ಕನ್ನಡಿಯಲ್ಲೂ.

ಮರ್ಜಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹಿರಿಯರು ಯಾರಾದರೂ ಹೇಳಲಿ.

ಹಳೇ ದಾಳ:

ಹಿರಿಯರು ಎಂದಿದ್ದೀರಿ, ಬಂದೆ. ಇರುವುದು ಎಡಿಸನ್, ನ್ಯೂಜೆರ್ಸಿ. ನಾನು ಆಡತೊಡಗಿದ್ದು ಮೂರನೇ ಆವೃತ್ತಿಯ ಕಾಲದಲ್ಲಿ, 2000 ಕಳೆದ ಹೊಸತು. ಆಗ ಕಣ್ಣಿಗೆ ಸ್ಪಾಟ್, ಕಿವಿಗೆ ಲಿಸನ್, ತಡಕಾಡುವುದಕ್ಕೆ ಸರ್ಚ್ ಎಂದು ಮೂರು ಬೇರೆ ಬೇರೆ ಕೌಶಲಗಳು. ಒಂದು ಬಾಗಿಲು ತೆರೆಯುವ ಮೊದಲು ಮೂರು ಸುತ್ತು ದಾಳ. ರಾತ್ರಿ ಹನ್ನೊಂದಕ್ಕೆ ಆ ಬಾಗಿಲಿನಿಂದ ಆಚೆ ಹೋದರೆ ಪುಣ್ಯ. 2008ರ ನಾಲ್ಕನೇ ಆವೃತ್ತಿ ಮೂರನ್ನೂ ಒಂದೇ ಪರ್ಸೆಪ್ಷನ್ ಮಾಡಿತು, ಪ್ಯಾಸಿವ್ ಅಂಕವನ್ನೂ ತಂದಿತು.

ಮಾಸ್ಟರ್ ಅವರ ಮುಳ್ಳಿಗೆ ಹಳೆಯ ಮದ್ದು ಒಂದಿದೆ. ಗಾಬ್ಲಿನ್ ಅಡಗಿಕೊಂಡಾಗ ಗರ ಹಾಕುವವರು ಯಾರು? ಗಾಬ್ಲಿನ್. ಅದರ ಸ್ಟೆಲ್ತ್, ಅಂದರೆ ಅಡಗುವ ಕೌಶಲ, +6, ಅದಕ್ಕೆ ಎದುರು ನಿಲ್ಲುವುದು ಆಟಗಾರರ ಪ್ಯಾಸಿವ್ ಅಂಕ. ಪಾಚಿಯನ್ನೂ ಹಾಗೆಯೇ ಅಡಗಿಸಿ. ಡಿಸಿ 15ರಲ್ಲಿ 10 ಕಳೆಯಿರಿ, ಉಳಿದ 5ನ್ನು ಪಾಚಿಯ ‘ಸ್ಟೆಲ್ತ್’ ಎಂದುಕೊಂಡು ಮನೆಯಲ್ಲೇ, ಶುಕ್ರವಾರ ರಾತ್ರಿ, ನೀವೇ ಗರ ಹಾಕಿ. ಬಿದ್ದದ್ದನ್ನು ಬರೆದಿಡಿ. ಶನಿವಾರ ಯಾರ ಪ್ಯಾಸಿವ್ ಅಂಕ ಅದನ್ನು ಮುಟ್ಟುತ್ತದೋ ಅವರಿಗೆ ಹೇಳಿ. ಮೇಜಿನ ಮೇಲೆ ದಾಳದ ಸದ್ದೇ ಇಲ್ಲ, ಬಾಮೈದನಿಗೆ ನಗಲು ಅವಕಾಶವಿಲ್ಲ, ಮರ್ಜಿಯೂ ನಿಮ್ಮದಲ್ಲ. ಇದೇ ಬಗೆಯ ಇನ್ನೊಂದು ಆಟ, 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿಯಂತೂ ಹುಡುಕುವ ಗರವನ್ನು ಆಟ ನಡೆಸುವವನೇ ಗುಟ್ಟಾಗಿ ಹಾಕಬೇಕೆಂದು ನಿಯಮದಲ್ಲೇ ಬರೆದಿದೆ.

ಆದರೆ ನಿಮ್ಮ ನಿಜವಾದ ತಪ್ಪು ಅದಲ್ಲ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ತಂದ ಈ ಆಟದ ಮೊದಲ ಪೆಟ್ಟಿಗೆಯಲ್ಲಿ ಪರ್ಸೆಪ್ಷನ್ ಎಂಬ ಕೌಶಲವೇ ಇರಲಿಲ್ಲ. ಗುಪ್ತ ಬಾಗಿಲು ಹುಡುಕಲು ಆರು ಮುಖದ ದಾಳ, ಮನುಷ್ಯರಿಗೆ ಒಂದು ಅಥವಾ ಎರಡು ಬೀಳಬೇಕು, ಎಲ್ಫ್‌ಗೆ ನಾಲ್ಕರವರೆಗೂ ನಡೆಯುತ್ತದೆ. ಉಳಿದದ್ದೆಲ್ಲ ಮಾತು. ಎಲ್ಲಿ ನೋಡುತ್ತೀಯೆಂದು ಹೇಳಿದೆ, ಅಲ್ಲಿ ಇರುವುದನ್ನು ಕೇಳಿಸಿಕೊಂಡೆ. ಪಾಚಿ ಇದೆಯೇ ಎಂದು ಕೇಳಿದ ಹುಡುಗಿಗೆ ಪಾಚಿ ಇದೆ, ಪಡುವಣ ಕಡೆ ಸವೆದಿದೆ ಎಂದು ಹೇಳಬೇಕಿತ್ತು. ದಾಳ ಇರುವುದು ಯಾರೂ ಕೇಳದೆ ಇದ್ದಾಗ.

ಕೊಂಕಣ ಸುತ್ತಿ:

ಹಳೇ ದಾಳ ಅವರ ಮಾತು ಕೇಳಲು ಚೆಂದ. ಆದರೆ ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ, ಬಹಳ ಸಂಕೋಚದವರು, ಪ್ರಶ್ನೆ ಕೇಳುವುದೇ ಇಲ್ಲ. ಅವರ ರೇಂಜರ್ ಪಾತ್ರಕ್ಕೆ ಪರ್ಸೆಪ್ಷನ್ +7. ಮಾತುಗಾರರಿಗೆ ಮಾತ್ರ ಎಲ್ಲವೂ ಕಾಣುವುದಾದರೆ ಅವರು ಆ +7 ಅನ್ನು ಉಪ್ಪಿನಕಾಯಿ ಹಾಕಬೇಕೇ?

ಗುಟ್ಟಿನ ಗರವೂ ನನಗೆ ಹಿಡಿಸುವುದಿಲ್ಲ. ನನ್ನ ಅದೃಷ್ಟ ನನ್ನ ಕೈಯಿಂದಲೇ ಬೀಳಲಿ. ನಾವು ಮಾಡುವುದು ಹೀಗೆ. ಅಡುಗೆಮನೆಯ ಹಳೆಯ ಒಗ್ಗರಣೆ ಡಬ್ಬಿ ಒಂದಿದೆ, ಒಳಗೆ ಏಳು ಬಟ್ಟಲು. ಒಬ್ಬೊಬ್ಬರದು ಒಂದೊಂದು ಬಟ್ಟಲು, ಅದರಲ್ಲಿ ಅವರವರ ದಾಳ. ಮುಚ್ಚಳ ಹಾಕಿ ಎಲ್ಲರೂ ಸೇರಿ ಕುಲುಕಿ ಮೇಜಿನ ನಡುವೆ ಇಟ್ಟುಬಿಡುತ್ತೇವೆ. ಕೂಡಲೇ ತೆರೆಯುವುದಿಲ್ಲ. ಅಡಗಿದ್ದದ್ದು ಹೊರಬರುವ ಕ್ಷಣ ಬಂದಾಗ ಮುಚ್ಚಳ ತೆಗೆಯುತ್ತೇವೆ, ಆಗ ಯಾರಿಗೆ ಮೊದಲೇ ಗೊತ್ತಾಗಿತ್ತು, ಯಾರು ಬೆಚ್ಚಿಬಿದ್ದರು ಎಂದು ತೀರ್ಮಾನ. ಹೊಂಚು ದಾಳಿಗೆ ಇದರಂಥದ್ದಿಲ್ಲ. ಸುಳಿವು ಹುಡುಕುವುದಕ್ಕೆ ಬಳಸಬೇಡಿ, ಅಲ್ಲಿ ಕೂಡಲೇ ಉತ್ತರ ಬೇಕು. ಮೂಲೆಯಲ್ಲಿ ಸಾಸಿವೆ ಉಳಿದಿದ್ದರೆ ದಾಳ ಓರೆ ನಿಲ್ಲುತ್ತದೆ, ಮೊದಲೇ ತೊಳೆದುಕೊಳ್ಳಿ. ನಮ್ಮ ದಾಳಗಳೆಲ್ಲ ಈಗ ಅರಿಶಿನ ಬಣ್ಣ.

ಸಂಜೆಯ ಬಸ್ಸು:

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಆಟ ನಡೆಸುವುದು ರಜೆಯಲ್ಲಿ ಮಾತ್ರ. ನೀವೆಲ್ಲ ಇಂಗ್ಲಿಷಿನ ಒಂದೇ ಪದವನ್ನು ಹಿಡಿದು ಜಗ್ಗುತ್ತಿದ್ದೀರಿ. ನಮ್ಮ ಭಾಷೆಯಲ್ಲಿ ಅದಕ್ಕೆ ಎರಡು ಪದಗಳಿವೆ, ಎರಡರ ವ್ಯಾಕರಣವೂ ಬೇರೆ.

ನಾನು ನೋಡುತ್ತೇನೆ. ನನಗೆ ಕಾಣುತ್ತದೆ. ಮೊದಲನೆಯದರಲ್ಲಿ ‘ನಾನು’ ಕರ್ತೃ, ಕೆಲಸ ನನ್ನದು. ಎರಡನೆಯದರಲ್ಲಿ ‘ನನಗೆ’ ಎಂದು ಚತುರ್ಥಿ ಬಂತು, ಕೆಲಸ ನನ್ನದಲ್ಲ, ವಸ್ತು ತಾನಾಗಿ ಬಂದು ಕಣ್ಣಿಗೆ ಬಿತ್ತು. ನಾನು ಕೇಳುತ್ತೇನೆ, ನನಗೆ ಕೇಳಿಸುತ್ತದೆ, ಅಲ್ಲಿಯೂ ಅದೇ. ‘ನೋಡಿದೆ, ಕಾಣಲಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಯಾರಿಗೂ ಗೊಂದಲವಾಗುವುದಿಲ್ಲ.

ಪ್ಯಾಸಿವ್ ಪರ್ಸೆಪ್ಷನ್ ಎಂದರೆ ಕಾಣುವುದು. ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ, ಗರವೂ ಬೇಡ. ಕೊಂಕಣ ಸುತ್ತಿಯವರ ಸಂಕೋಚದ ಗೆಳೆಯರ +7 ಕೆಲಸಕ್ಕೆ ಬರುವುದು ಇಲ್ಲಿಯೇ. ಅವರು ಬಾಯಿ ತೆರೆಯುವ ಮೊದಲೇ ‘ನಿಮಗೆ ಇದು ಕಾಣುತ್ತದೆ’ ಎಂದು ಹೇಳಿ, ಮಾತನಾಡಲು ಅವರಿಗೊಂದು ವಿಷಯ ಸಿಕ್ಕಿದಂತಾಯಿತು. ನೋಡುವುದು ಬೇರೆ. ಆಟಗಾರ ‘ನಾನು’ ಎಂದು ವಾಕ್ಯ ಶುರುಮಾಡಬೇಕು: ನಾನು ಮೆಟ್ಟಿಲನ್ನು ಮುಟ್ಟಿ ನೋಡುತ್ತೇನೆ, ನಾನು ನೀರಿಗೆ ಕೋಲು ಇಳಿಸಿ ನೋಡುತ್ತೇನೆ. ಕಣ್ಣೆದುರೇ ಇರುವುದಾದರೆ ಹೇಳಿಬಿಡಿ. ನೋಡುವುದರಲ್ಲಿ ಅಪಾಯವಿದ್ದರೆ, ಹೊತ್ತು ಮೀರುತ್ತಿದ್ದರೆ ಮಾತ್ರ ಗರ.

‘ಎಲ್ಲರೂ ಪರ್ಸೆಪ್ಷನ್ ಗರ ಹಾಕಿ’ ಎಂದಾಗ ಮಾಸ್ಟರ್ ಕಾಣುವುದಕ್ಕೆ ಗರ ಹಾಕಿಸಿದರು. ಹುಡುಗಿ ಪಾಚಿ ಇದೆಯೇ ಎಂದಾಗ ಅವಳು ನೋಡುತ್ತಿದ್ದಳು. ನೋಡಿದವಳಿಗೆ ಕಾಣುವುದರ ಗರ ತೋರಿಸಿ ಬಾಯಿ ಮುಚ್ಚಿಸಿದಿರಿ. ನನ್ನ ತರಗತಿಯಲ್ಲಿ ಇದಕ್ಕೆ ಅರ್ಧ ಅಂಕ ಕಳೆಯುತ್ತಿದ್ದೆ.

ಹಳೇ ದಾಳ:

ಇಪ್ಪತ್ತು ವರ್ಷ ಆಡಿದ್ದೇನೆ, ಇದನ್ನು ಹೀಗೆ ಯೋಚಿಸಿರಲಿಲ್ಲ. ಮೇಡಂ, ನಮಸ್ಕಾರ.

ಒಂದು ಮಾತು ಸೇರಿಸುತ್ತೇನೆ. ಪತ್ತೇದಾರಿ ಕಥೆಗಳಿಗೆಂದೇ ರಾಬಿನ್ ಲಾಸ್ ಅವರು ರೂಪಿಸಿದ ಗಮ್‌ಶೂ ಪದ್ಧತಿಯಲ್ಲಿ ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವಿಗೆ ಗರವೇ ಇಲ್ಲ. ತಕ್ಕ ಕೌಶಲ ಇದ್ದವರು ತಕ್ಕ ಜಾಗದಲ್ಲಿ ನೋಡಿದರೆ ಸಿಕ್ಕಿತು. ಸುಳಿವು ಸಿಗುವುದು ಆಟವಲ್ಲ, ಸಿಕ್ಕಿದ್ದನ್ನು ಏನು ಮಾಡುತ್ತಾರೆ ಎಂಬುದು ಆಟ ಎಂದು ಅವರ ನಂಬಿಕೆ. ಕಾಲ್ ಆಫ್ ಕ್ಥುಲ್ಹು ಎಂಬ ಭಯಾನಕ ಕಥೆಗಳ ಆಟ ಆಡುವಾಗ ಸ್ಪಾಟ್ ಹಿಡನ್, ಅಂದರೆ ಅಡಗಿದ್ದನ್ನು ಗುರುತಿಸುವ ಗರ, ಬೀಳದೆ ಪತ್ರ ಮೇಜಿನ ಖಾನೆಯಲ್ಲೇ ಉಳಿದು, ನಾವು ಆರು ಜನ ಎರಡು ಗಂಟೆ ಆ ಕೋಣೆಯ ಪರದೆಗಳನ್ನು ಹೊಗಳುತ್ತಾ ಕೂತಿದ್ದೆವು. ಆದ್ದರಿಂದ ನನಗೆ ಅವರ ಮಾತು ಬೇಗ ರುಚಿಸಿತು.

ಮಂಡಕ್ಕಿ ಮಾಸ್ಟರ್:

ಎಲ್ಲರಿಗೂ ವಂದನೆ. ನಿನ್ನೆ ಶನಿವಾರ ಮತ್ತೆ ಆಡಿದೆವು, ವರದಿ ಒಪ್ಪಿಸುತ್ತೇನೆ.

ಅರ್ಧ ಅಂಕ ಕಳೆದದ್ದು ಕಡಿಮೆಯೇ, ಸಂಜೆಯ ಬಸ್ಸು ಅವರೇ. ಒಂದು ರಟ್ಟಿನ ತುಂಡಿನ ಮೇಲೆ ನಾಲ್ವರ ಪ್ಯಾಸಿವ್ ಅಂಕ ಬರೆದುಕೊಂಡೆ: 15, 13, 11, 10. ಪಕ್ಕದಲ್ಲಿ ಮಬ್ಬಿಗೆ: 10, 8, 6, 5. ಮೇಲೆ ದಪ್ಪ ಅಕ್ಷರದಲ್ಲಿ ‘ಕಾಣುವುದು’. ‘ನೋಡುವುದು’ ಎಂಬುದಕ್ಕೆ ರಟ್ಟು ಬೇಕಾಗಲಿಲ್ಲ.

ಆಟ ಶುರುವಾಗುವ ಮೊದಲು ಹುಡುಗಿಗೆ ಹೇಳಿದೆ: ‘ಹೋದ ವಾರ ನೀನು ಕೇಳಿದ್ದು ಸರಿಯಿತ್ತು, ನಾನು ಹೇಳಿದ್ದು ತಪ್ಪು.’ ‘ಪರವಾಗಿಲ್ಲ ಅಂಕಲ್’ ಎಂದಳು. ಬಾಮೈದ ‘ಇದನ್ನು ಬರೆದಿಟ್ಟುಕೊಳ್ಳಿ, ಭಾವ ತಪ್ಪು ಒಪ್ಪಿಕೊಂಡ ದಿನ’ ಎಂದ. ಅವನಿಗೆ ಎರಡು ಮಿರ್ಚಿ ಕಡಿಮೆ ಹಾಕಿಸಿದೆ.

ಸುರಂಗದಲ್ಲಿ ಒಂದು ಪಂಜು ಇತ್ತು, ಕಳ್ಳಿಯ ಕೈಯಲ್ಲಿ. ತಿರುವಿನ ಆಚೆ ಗಾಬ್ಲಿನ್‌ಗಳು ಹೊಂಚು ಹಾಕಿದ್ದವು, ಅವುಗಳ ಗರವನ್ನು ಶುಕ್ರವಾರವೇ ಹಾಕಿ 12 ಎಂದು ಬರೆದಿಟ್ಟಿದ್ದೆ. ಪಂಜಿನ ಬೆಳಕು ಆ ತಿರುವಿಗೆ ಮಬ್ಬಾಗಿ ಮಾತ್ರ ಮುಟ್ಟುತ್ತಿತ್ತು, ಹೆಂಡತಿಯ ಹತ್ತಕ್ಕೂ ಸಿಗಲಿಲ್ಲ. ಮೊದಲ ಬಾಣ ಅವಳಿಗೇ ಬಿತ್ತು. ಮೇಜಿನ ಸುತ್ತ ಒಬ್ಬರಿಗೂ ಮುಂಚೆ ವಾಸನೆ ಬಡಿದಿರಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವರು ನಿಜವಾಗಿ ಬೆಚ್ಚಿದ್ದನ್ನು ನೋಡಿದೆ. ಹೆಂಡತಿ ಇವತ್ತು ಬೆಳಿಗ್ಗೆಯೂ ಆ ಬಾಣದ ಬಗ್ಗೆ ಮಾತನಾಡುತ್ತಿದ್ದಳು, ಅಷ್ಟೇನೂ ಪ್ರೀತಿಯಿಂದಲ್ಲ.

ಒಗ್ಗರಣೆ ಡಬ್ಬಿಗೆ ನಮ್ಮ ತಾಯಿ ಒಪ್ಪಲಿಲ್ಲ.

ಜಗಳ ಮುಗಿದ ಮೇಲೆ ಸುರಂಗ ಎರಡಾಗಿ ಕವಲೊಡೆಯಿತು. ಹಳೇ ದಾಳ ಅವರ ಮಾತು ನೆನಪಿಟ್ಟುಕೊಂಡು ಈ ಸಲ ಸುಳಿವನ್ನು ಗರವಿಲ್ಲದೆ ಕೊಟ್ಟುಬಿಟ್ಟೆ: ‘ಎಡಗಡೆಯಿಂದ ಎಣ್ಣೆ ದೀಪದ ಕಮಟು ವಾಸನೆ ಬರುತ್ತಿದೆ.’ ಅಷ್ಟು ಸಾಕು, ಎಡಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಮೂವರು ಎದ್ದೇಬಿಟ್ಟರು.

ಹುಡುಗಿ ಮಾತ್ರ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ‘ಅಂಕಲ್, ನಾನು ಮೂಸಿ ನೋಡುತ್ತೇನೆ. ಹರಳೆಣ್ಣೆಯೋ, ಹೊಂಗೆ ಎಣ್ಣೆಯೋ?’

ನನ್ನ ಕಾಗದದಲ್ಲಿ ಅದು ಇರಲಿಲ್ಲ. ಅವಳ ಮುಖ ನೋಡಿದೆ, ಕಾಗದ ನೋಡಿದೆ, ಕೊನೆಗೆ ಎಲ್ಲರೆದುರೇ ನಾನು ಗರ ಹಾಕಿದೆ: ಸಮ ಬಿದ್ದರೆ ಹರಳು, ಬೆಸ ಬಿದ್ದರೆ ಹೊಂಗೆ. 17 ಬಿತ್ತು. ‘ಹೊಂಗೆ’ ಎಂದೆ.

‘ಹಾಗಾದರೆ ಸರಿ’ ಎಂದು ತನ್ನ ಹಾಳೆಯ ಮೂಲೆಯಲ್ಲಿ ಏನೋ ಬರೆದುಕೊಂಡಳು. ಏನೆಂದು ಕೇಳಿದೆ. ಮುಂದಿನ ಶನಿವಾರ ಹೇಳುತ್ತಾಳಂತೆ.